ಬೇರಿನಕ್ಕನ ಬಿ.ಪಿ. ಕಷಾಯ

ಬೇರಿನಕ್ಕನ ಎದುರು ಯಾರಾದರೂ 'ಇದು ನಿನ್ನ ಕೈಲಿ ಆಗೋದಲ್ಲ' ಎಂದರೆ ಮುಗಿಯಿತು, ಅವರ ಗ್ರಹಚಾರ ನೆಟ್ಟಗಿಲ್ಲ ಎಂದೇ ಲೆಕ್ಕ. ಆ ಕೆಲಸವನ್ನು ಮಾಡಿ, ಮಾಡಿದ್ದನ್ನು ಅವರ ಮೂಗಿನ ಮುಂದೆ ಹಿಡಿದು, ಅವರ ಬಾಯಿಂದಲೇ 'ಆಯ್ತು ತಾಯಿ, ಒಪ್ಪಿದೆ' ಅನ್ನಿಸುವ ತನಕ ಅವಳು ಕದಲುವವಳಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಒಮ್ಮೆ, ಈ ಬೇರು ತೊಗಟೆಗಳ ವಾಸನೆಗೇ ಹುಡುಗಿಗೆ ತಲೆನೋವು ಬರುತ್ತದೆ, ಇವಳೇನು ಅಂಗಡಿ ನೋಡುತ್ತಾಳೆ ಎಂದು ಯಾರಿಗೋ ಹೇಳಿದ್ದು ಕಿವಿಗೆ ಬಿತ್ತು. ಈಗ ಅತ್ತೆ ಇಲ್ಲ, ಗಂಡನೂ ಇಲ್ಲ. ಅಂಗಡಿ ಇದೆ, ವಾಸನೆ ಇದೆ, ಗಲ್ಲಾಪೆಟ್ಟಿಗೆಯ ಹಿಂದೆ ಕಾಲು ಮಡಚಿ ಕೂತ ಅವಳಿದ್ದಾಳೆ.

ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಬೀಗ ರಿಪೇರಿಯ ಗೂಡಿಗೂ ಒಂದು ದರ್ಜಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಅಗಲ ಕಡಿಮೆಯ ಅಂಗಡಿ ಅದು. ಬಾಗಿಲಲ್ಲಿ ಬಾಯಿ ಮಡಚಿದ ಗೋಣಿಚೀಲಗಳು, ಗೋಡೆಯುದ್ದಕ್ಕೂ ಗಾಜಿನ ಭರಣಿಗಳು, ಸೂರಿನಿಂದ ತಲೆಕೆಳಗಾಗಿ ತೂಗುವ ಒಣ ಸೊಪ್ಪಿನ ಕಟ್ಟುಗಳು. ಎತ್ತರದ ಗಿರಾಕಿಗಳು ಒಳಗೆ ಬಂದರೆ ತಲೆಯಲ್ಲಿ ಅರ್ಧ ಗಿಡ ಹೊತ್ತುಕೊಂಡೇ ಹೊರಗೆ ಹೋಗಬೇಕು. ಹಿಂದೆ ಒಂದು ಕೋಣೆ, ಅಲ್ಲಿ ಗ್ಯಾಸ್ ಒಲೆ, ಕಷಾಯದ ಪಾತ್ರೆಗಳು, ಎಷ್ಟು ಒಗೆದರೂ ಕಂದು ಬಣ್ಣ ಬಿಡದ ಶೋಧಿಸುವ ಬಟ್ಟೆ. ಅವಳ ನಿಜವಾದ ಹೆಸರು ಬ್ಯಾಂಕಿನವರಿಗೂ ಕರೆಂಟ್ ಬಿಲ್ ಕೊಡುವವನಿಗೂ ಮಾತ್ರ ಗೊತ್ತು. ಉಳಿದವರಿಗೆಲ್ಲ, ಅವಳಿಗಿಂತ ಹಿರಿಯರಿಗೂ, ಅವಳು ಬೇರಿನಕ್ಕನೇ.

ಅಂಗಡಿಗೆ ಹೆಸರು ತಂದುಕೊಟ್ಟದ್ದು ಬಿ.ಪಿ.ಯ ಪುಡಿ. ಅತ್ತೆಯ ಕಾಲದಲ್ಲಿ ಅದಕ್ಕೆ 'ತಲೆಗೇರಿದ್ದನ್ನು ಇಳಿಸೋದು' ಎನ್ನುತ್ತಿದ್ದರು. ಆಮೇಲೆ ಜನರ ಬಾಯಲ್ಲಿ ಬಿ.ಪಿ. ಎಂಬ ಮಾತು ಬಂತು, ಪುಡಿಯ ಹೆಸರೂ ಬದಲಾಯಿತು. ಅದರಲ್ಲಿ ಏನೇನಿದೆ ಎಂದು ಮಾತ್ರ ಅವಳು ಯಾರಿಗೂ ಹೇಳಿದವಳಲ್ಲ. ಮದ್ದಿನ ಬಗೆಯನ್ನು ಬಾಯಿಬಿಟ್ಟು ಹೇಳಿದರೆ ಅದರ ಗುಣ ಹೊರಟುಹೋಗುತ್ತದೆ ಎಂದು ಅತ್ತೆ ನಂಬಿದ್ದರು. ಸೊಸೆಗೆ ಕಲಿಸಿದ್ದೂ ಹಾಗೆಯೇ: ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು, ಒಂದೂ ಮಾತಾಡದೆ, ಭರಣಿ ತೋರಿಸಿ, ಹಿಡಿ ತುಂಬಿ ತೋರಿಸಿ. ತಕ್ಕಡಿ ಇದ್ದದ್ದು ಮಾರುವುದಕ್ಕೆ. ಬೆರೆಸುವುದಕ್ಕೆ ಅಂಗೈಯೇ ಅಳತೆ. ಬೇರಿನಕ್ಕ ಅಷ್ಟು ವರ್ಷ ಅದನ್ನು ಹಾಗೆಯೇ ನಡೆಸಿಕೊಂಡು ಬಂದಳು, ಮತ್ತು ಪುಡಿ ಕೊಳ್ಳಲು ಬಂದ ಪ್ರತಿಯೊಬ್ಬರಿಗೂ ಪೊಟ್ಟಣದ ಜೊತೆ ಒಂದು ಉಪದೇಶವನ್ನೂ ಪುಕ್ಕಟೆಯಾಗಿ ಕಟ್ಟಿಕೊಟ್ಟಳು.

"ಗುಳಿಗೆ ಸಹವಾಸ ಮಾತ್ರ ಬೇಡ. ಅದು ಚೀಲ ತಗೊಂಡು ಬಂದ ನೆಂಟರ ಹಾಗೆ. ಒಳಗೆ ಬಿಟ್ಕೊಂಡ್ರೋ, ಆಮೇಲೆ ಹೋಗೋ ಮಾತೇ ಇಲ್ಲ."

ಇಂಥವಳ ತಮ್ಮನಿಗೇ ಬಿ.ಪಿ. ಏರಿತು.

ತಮ್ಮ ಬಸ್ ಚಾಲಕ. ತಾಯಿ ಇಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ಆಳು ದೊಡ್ಡದು, ಬಾಗಿಲಲ್ಲಿ ನಿಂತರೆ ಅಂಗಡಿಗೆ ಬೆಳಕು ಬರುವುದಿಲ್ಲ, ಆದರೆ ನಾಲಿಗೆ ಮಾತ್ರ ಎಳೆಮಗುವಿನದು. ಕಹಿ ಒಗರು ಎಂದರೆ ಮುಖ ಹಿಂಡಿಕೊಳ್ಳುತ್ತಾನೆ. ಹೆಂಡತಿ ತೀರಿಕೊಂಡ ಮೇಲೆ, ಮಗಳೂ ಓದಲು ಬೇರೆ ಊರಿಗೆ ಹೋದ ಮೇಲೆ, ಒಬ್ಬನೇ ಬೇಯಿಸಿಕೊಂಡು ತಿಂದು ಕೆಲಸಕ್ಕೆ ಹೋಗುತ್ತಿದ್ದ. ಆ ವರ್ಷ ಡಿಪೋದಲ್ಲಿ ಎಲ್ಲ ಚಾಲಕರ ಆರೋಗ್ಯ ನೋಡಿದಾಗ ಅವನ ರಕ್ತದೊತ್ತಡ ಕಂಡು ಪರೀಕ್ಷಿಸುವವರೇ ಗಾಬರಿಯಾದರಂತೆ. ಇಳಿಯುವ ತನಕ ಬಸ್ ಮುಟ್ಟಬೇಡ ಎಂದು ಅವನನ್ನು ಉಗ್ರಾಣದಲ್ಲಿ ಕೂರಿಸಿದರು. ಇನ್ನೊಮ್ಮೆ ಪರೀಕ್ಷೆ ಆಗುವವರೆಗೆ ಬೋಲ್ಟು ಬಲ್ಬು ಎಣಿಸಿ ಕೊಡುವ ಕೆಲಸ.

"ಅಕ್ಕಾ, ಸ್ಟೇರಿಂಗ್ ಕಿತ್ಕೊಂಡುಬಿಟ್ರು," ಎಂದ, ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಕೂತು. "ನಿನ್ನೆ ಮೊನ್ನೆ ಬಂದ ಹುಡುಗರು ನನ್ನ ಮುಂದೆ ಗಾಡಿ ತೆಗೀತಾರೆ. ನಾನು ಅವರಿಗೆ ಬಲ್ಬು ಕೊಡ್ಬೇಕು."

"ಅಲ್ಲಿ ಗುಳಿಗೆ ಬರೆದುಕೊಟ್ರಾ?"

"ಕೊಟ್ರು. ನೀನಿರುವಾಗ ನಾನ್ಯಾಕೆ ಅದನ್ನ ತಿನ್ಲಿ?"

ಆ ಮಾತಿಗೆ ಅವಳ ಎದೆ ಉಬ್ಬಿತು ಎಂದು ಹೇಳದೆ ಇದ್ದರೆ ಸುಳ್ಳಾಗುತ್ತದೆ. "ಇಳಿಸ್ತೀನಿ ನೋಡ್ತಿರು," ಎಂದಳು. "ಆ ಡಿಪೋದವರೇ ನಿನ್ನ ಕೈಗೆ ಕೀಲಿ ಕೊಟ್ಟು, ಹತ್ತಪ್ಪಾ ಅನ್ಬೇಕು. ಅಲ್ಲೀವರೆಗೆ ನಾನು ಸುಮ್ಮನೆ ಕೂರೋದಿಲ್ಲ."

ಮಾರುವ ಪುಡಿಯ ಭರವಸೆಯಲ್ಲಿ ಅವಳು ತಮ್ಮನನ್ನು ಬಿಡಲಿಲ್ಲ. ಅವನಿಗೆಂದೇ ಬೇರೆ ಚಿಕ್ಕ ಪಾತ್ರೆ, ದಿನಾ ಬೆಳಿಗ್ಗೆ ಹೊಸ ಕಷಾಯ. ಡಿಪೋಗೆ ಹೋಗುವ ದಾರಿಯಲ್ಲಿ ಅವನು ಬಂದು ಹಿಂದಿನ ಕೋಣೆಯಲ್ಲಿ ಕೂತು ಕುಡಿಯಬೇಕು. ಮೊದಲ ದಿನ ಒಂದು ಗುಟುಕಿಗೇ ಅವನ ಕಣ್ಣಲ್ಲಿ ನೀರು ಬಂತು. ಅಕ್ಕನ ಕರುಳು ತಡೆಯಲಿಲ್ಲ. ದೊಡ್ಡ ಬೋಗುಣಿಯ ಪುಡಿಗೆ ಒಗರು ಮುರಿಯಲೆಂದು ಅವಳು ಹಾಕುತ್ತಿದ್ದದ್ದು ಒಂದೇ ಹಿಡಿ ಜೇಷ್ಠಮಧು. ಆ ಸಿಹಿ ಬೇರನ್ನು ತಮ್ಮನ ಪುಟ್ಟ ಪಾತ್ರೆಗೆ ದಿನಾ ಹಿಡಿ ತುಂಬ ಹಾಕತೊಡಗಿದಳು. ಅವನು ಗಟಗಟ ಕುಡಿದು ಬಾಯಿ ಚಪ್ಪರಿಸಿದ. ತಳದಲ್ಲಿ ಉಳಿದದ್ದನ್ನು ಚೆಲ್ಲುವುದೇಕೆ ಎಂದು ಅವಳು ತಾನು ಕುಡಿದಳು. ಹೀಗೆ ಅಕ್ಕತಮ್ಮಂದಿರು ಬೆಳಗಿನ ಹೊತ್ತು ಎದುರುಬದುರು ಕೂತು ಡಿಪೋದ ಮೇಲಧಿಕಾರಿಗಳ ಚಾಡಿ ಹೇಳುತ್ತಾ ಕಷಾಯ ಹೀರುವುದು ಒಂದು ರೂಢಿಯೇ ಆಯಿತು.

ಒತ್ತಡ ಮಾತ್ರ ಇಳಿಯಲಿಲ್ಲ. ಡಿಪೋದಲ್ಲಿ ನಡುವೆ ಒಮ್ಮೆ ನೋಡಿದಾಗ ಮೊದಲಿಗಿಂತ ಹೆಚ್ಚಾಗಿತ್ತು.

"ಅವರ ಮಿಶನ್ನೇ ಕೆಟ್ಟಿರ್ಬೇಕು," ಎಂದಳು ಬೇರಿನಕ್ಕ.

"ಎಲ್ಲರಿಗೂ ಅದೇ ಮಿಶನ್ ಅಕ್ಕಾ."

"ಹಾಗಾದ್ರೆ ಎಲ್ಲರಿಗೂ ಕೆಟ್ಟಿದೆ."

ಅಂದೇ ಹೋಗಿ ಔಷಧಿ ಅಂಗಡಿಯಲ್ಲಿ ಒಂದು ಬಿ.ಪಿ. ಯಂತ್ರ ಕೊಂಡಳು. ಗುಳಿಗೆ ಮಾರುವವನ ಮುಖದಲ್ಲಿ ನಗು ಕಂಡಿತು, ಆದರೂ ತಡೆದುಕೊಂಡಳು. ಬಳಸುವುದು ಹೇಗೆಂದು ಅವನಿಂದಲೇ ಕೇಳಿ ಕಲಿತು, ಯಂತ್ರವನ್ನು ತಂದು ಗಲ್ಲಾಪೆಟ್ಟಿಗೆಯ ಪಕ್ಕ ಪ್ರತಿಷ್ಠಾಪಿಸಿದಳು. ಡಿಪೋದ ಸುಳ್ಳು ಬಯಲು ಮಾಡಿಯೇ ಸಿದ್ಧ ಎಂಬುದು ಆಗಿನ ಪಣ.

ಮೊದಲು ತೋಳು ಕೊಟ್ಟವರು ಪಕ್ಕದ ಗೂಡಿನ ಬೀಗದಣ್ಣ. ಬೀಗ ಬಿಚ್ಚುವುದರಲ್ಲಿ ಎಷ್ಟು ಜಾಣರೋ ಬಾಯಿ ಮುಚ್ಚುವುದರಲ್ಲಿ ಅಷ್ಟೇ ದಡ್ಡರು. ಅವರಿಗೂ ಸ್ವಲ್ಪ ಒತ್ತಡವಿತ್ತು, ವರ್ಷಗಳಿಂದ ಬೇರಿನಕ್ಕನ ಪುಡಿ ಕುಡಿಯುತ್ತಿದ್ದರು. ಯಂತ್ರ ತೋಳನ್ನು ಬಿಗಿದು, ಗುಂಯ್ಯೆಂದು, ಉಸಿರು ಬಿಟ್ಟಿತು. ಅಂಕಿ ಹದವಾಗಿಯೇ ಇತ್ತು. ದರ್ಜಿಯ ತಾಯಿಯದ್ದೂ ಪರವಾಗಿಲ್ಲ. ಅವಳ ಮುಖ ಅರಳಿತು. ಮರುದಿನ ಬೆಳಿಗ್ಗೆ ತಮ್ಮನ ತೋಳಿಗೆ ಕಟ್ಟಿದಳು. ಡಿಪೋದ ಅಂಕಿಗಿಂತ ಒಂದು ಕೂದಲಷ್ಟೂ ಕಡಿಮೆಯಿಲ್ಲ. ಸುಮ್ಮನೆ ತನ್ನ ತೋಳಿಗೂ ಕಟ್ಟಿಕೊಂಡಳು. ಜನ್ಮದಲ್ಲಿ ಬಿ.ಪಿ. ಎಂದರೇನೆಂದು ಅರಿಯದ ಅವಳದ್ದೂ ಮೇಲೆ ಹತ್ತಿ ಕೂತಿತ್ತು.

"ಕೋಪ ಮಾಡ್ಕೊಂಡು ನೋಡಿದ್ರೆ ಹಾಗೇ ತೋರ್ಸುತ್ತೆ," ಎಂದರು ಬೀಗದಣ್ಣ.

"ನಂಗೆ ಕೋಪ ಎಲ್ಲಿ ಬಂದಿದೆ?" ಎಂದು ಅವಳು ಕಿರುಚಿದ್ದು ಓಣಿಯ ಆ ತುದಿಗೆ ಕೇಳಿಸಿತು.

ಒಂದು ವಾರ ದಿನಾ ಹಿಡಿದು ನೋಡಿದಳು. ಪುಡಿ ಕೊಂಡುಕೊಂಡು ಹೋದ ಊರವರದ್ದು ತೆಪ್ಪಗಿದೆ. ತಾನೇ ಕೈಯಾರೆ ಕಾಯಿಸಿ ಕುಡಿಸುವ ತಮ್ಮನದ್ದು ಏರುತ್ತಿದೆ, ತನ್ನದೂ ಏರುತ್ತಿದೆ. ತಮ್ಮನ ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಗುರುತು ಬೀಳುತ್ತಿತ್ತು. ಮೀನಖಂಡ ಸೆಳೆಯುತ್ತದೆ, ಮೆಟ್ಟಿಲು ಹತ್ತಲು ಆಗುತ್ತಿಲ್ಲ ಎಂದೂ ಅವನು ಹೇಳಿದ್ದ. ಕೂತು ಕೂತು ಹಾಗಾಗಿದೆ ಎಂದು ಅವಳು ಅಷ್ಟು ದಿನ ತಳ್ಳಿಹಾಕಿದ್ದಳು. ಈಗ ಮನಸ್ಸಿನಲ್ಲಿ ಹುಳ ಬಿಟ್ಟ ಹಾಗಾಯಿತು.

ಯಂತ್ರವನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ಮುಖ್ಯರಸ್ತೆಯ ಕ್ಲಿನಿಕ್ಕಿಗೆ ಹೋದಳು. ಅಲ್ಲಿ ಒಬ್ಬ ಡಾಕ್ಟ್ರಮ್ಮ, ಬೇರಿನಕ್ಕನಿಗೆ ಮಗಳೊಬ್ಬಳಿದ್ದಿದ್ದರೆ ಅಷ್ಟು ವಯಸ್ಸಾಗಿರುತ್ತಿತ್ತು. ಸಾಲಿನಲ್ಲಿ ಕಾದು, ಒಳಗೆ ಹೋಗಿ, "ನನಗೆ ಕಾಯಿಲೆ ಇಲ್ಲ, ನನ್ನ ಮಿಶನ್ ನೋಡಿ," ಎಂದಳು. ಡಾಕ್ಟ್ರಮ್ಮ ನಗಲಿಲ್ಲ. ಎರಡೂ ಯಂತ್ರಗಳಲ್ಲಿ ಅವಳ ಒತ್ತಡ ನೋಡಿ, "ಮಿಶನ್ ಸರಿಯಾಗಿದೆ. ನೀವೇ ಸರಿಯಾಗಿಲ್ಲ ಅಮ್ಮ," ಎಂದರು.

ಅವಳು ತಮ್ಮನ ಕಥೆ ಹೇಳಿದಳು, ಊದಿದ ಪಾದದ ಕಥೆಯನ್ನೂ ಹೇಳಿದಳು. ಡಾಕ್ಟ್ರಮ್ಮ ಬರೆಯುವುದನ್ನು ನಿಲ್ಲಿಸಿ ಕೇಳಿದರು. "ಆ ಕಷಾಯದಲ್ಲಿ ಏನೇನು ಹಾಕ್ತೀರಿ?"

"ಅದನ್ನ ಹೇಳೋ ಹಾಗಿಲ್ಲ."

"ಹೇಳದೆ ನಾನು ಏನಂತ ಹೇಳ್ಲಿ?"

"ಹೇಳಿದ್ರೆ ಮದ್ದು ಕೆಲಸ ಮಾಡಲ್ಲ."

"ಈಗ ಮಾಡ್ತಿದೆಯಾ?" ಎಂದರು ಡಾಕ್ಟ್ರಮ್ಮ, ಮೆಲ್ಲಗೆ.

ಬೇರಿನಕ್ಕ ಎದ್ದು ಬಂದುಬಿಟ್ಟಳು. ದಾರಿಯುದ್ದಕ್ಕೂ ಆ ಹುಡುಗಿಯನ್ನು ಮನಸ್ಸಿನಲ್ಲೇ ಬೈದಳು, ಅಂಗಡಿ ಬಂದರೂ ಬೈಗುಳ ಮುಗಿದಿರಲಿಲ್ಲ. ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಭರಣಿಗಳ ಎದುರು ಕೂತಳು. ಬೀಗದಣ್ಣನ ಪೊಟ್ಟಣಕ್ಕೂ ತಮ್ಮನ ಪಾತ್ರೆಗೂ ವ್ಯತ್ಯಾಸ ಏನು? ಹೂವು ಅದೇ, ತೊಗಟೆ ಅದೇ, ಬೀಜ ಅದೇ. ಪ್ರೀತಿಗೆಂದು ಹಾಕಿದ್ದು ಒಂದೇ ಹೆಚ್ಚು. ಇದ್ದರೂ ಇರಬಹುದು, ಇರಲಿಕ್ಕಿಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟುಕೊಂಡು ಬದುಕುವ ಜಾತಿ ಅವಳದ್ದಲ್ಲ. ಎದ್ದು ಮುಖ ತೊಳೆದು ಮತ್ತೆ ಕ್ಲಿನಿಕ್ಕಿನ ದಾರಿ ಹಿಡಿದಳು.

ಬದುಕಿನಲ್ಲಿ ಮೊದಲ ಸಲ ಅವಳು ಪುಡಿಯ ಬಗೆಯನ್ನು ಬಾಯಿಬಿಟ್ಟು ಹೇಳಿದಳು. ಎಷ್ಟು ಮೆಲ್ಲಗೆ ಹೇಳಿದಳೆಂದರೆ ಡಾಕ್ಟ್ರಮ್ಮ ಕುರ್ಚಿ ಮುಂದೆಳೆದುಕೊಳ್ಳಬೇಕಾಯಿತು. "ಒಣಗಿಸಿದ ಕೆಂಪು ದಾಸವಾಳ. ಮತ್ತಿ ತೊಗಟೆ. ಕೊತ್ತಂಬರಿ ಬೀಜ. ಆಮೇಲೆ ಜೇಷ್ಠಮಧು. ಎಲ್ಲರಿಗೂ ಚೂರು, ನನ್ನ ತಮ್ಮನಿಗೆ ದಿನಾ ಒಂದು ಹಿಡಿ. ಅದೇ ಅಂತ ನನಗೆ ಅನುಮಾನ. ಅಲ್ಲ ಅಂತ ಹೇಳಿ ಡಾಕ್ಟ್ರೇ."

ಡಾಕ್ಟ್ರಮ್ಮನಿಗೆ ಅಲ್ಲ ಎನ್ನಲು ಆಗಲಿಲ್ಲ. "ನಿಮ್ಮ ಅನುಮಾನ ಸರಿ ಅಮ್ಮ. ಕೆಮ್ಮಿಗೆ ಒಂದು ಚೂರು ಅಗಿದ್ರೆ ಏನೂ ಆಗಲ್ಲ. ದಿನಾ ಅಷ್ಟಷ್ಟು ಹೊಟ್ಟೆಗೆ ಹೋದ್ರೆ ಅದು ಮೈಯಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಕೊಳ್ಳುತ್ತೆ. ಒತ್ತಡ ಏರುತ್ತೆ. ಪೊಟ್ಯಾಸಿಯಂ ಇಳಿಯುತ್ತೆ, ಕಾಲು ಸೆಳೆಯೋದು ಅದಕ್ಕೇ. ಇನ್ನೂ ಇಳಿದ್ರೆ ಹೃದಯದ ಬಡಿತಾನೇ ತಪ್ಪಬಹುದು. ಅವರನ್ನ ನಾಳೆಯೇ ಕರ್ಕೊಂಡ್ ಬನ್ನಿ."

"ಮತ್ತೆ ದಾಸವಾಳ? ಅದೂ ಸುಳ್ಳಾ?"

"ಸುಳ್ಳು ಅಂತ ನಾನು ಹೇಳಲ್ಲ. ಆ ಜಾತಿಯ ಹೂವಿನ ಮೇಲೆ ಪರೀಕ್ಷೆಗಳು ಆಗಿವೆ, ಸ್ವಲ್ಪ ಇಳಿಸೋ ಹಾಗೆ ಕಂಡಿದೆ. ಆದ್ರೆ ಇಷ್ಟು ಏರಿದವರಿಗೆ ಅದನ್ನ ನಂಬ್ಕೊಂಡು ಕೂರೋಕಾಗಲ್ಲ. ನಿಮ್ಮ ತಮ್ಮನಿಗೆ ಗುಳಿಗೆ ಬೇಕೇ ಬೇಕು. ನಿಮಗೆ ಸದ್ಯಕ್ಕೆ ಜೇಷ್ಠಮಧು ಬಿಟ್ಟು ನೋಡೋಣ."

ಹೊರಗೆ ಬಂದು ಬೇರಿನಕ್ಕ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ತನ್ನ ಕೈಯಿಂದಲೇ, ಅದೂ ಮುದ್ದು ಮಾಡಿ, ತಮ್ಮನಿಗೆ ಕೇಡು ಕುಡಿಸಿದೆನಲ್ಲ ಎಂಬುದೇ ಸಂಕಟ. ಅಳು ಮುಗಿದ ಮೇಲೆ ಎದ್ದಳು. ಅವಳಿಗೆ ಅತ್ತು ಕೂರುವ ಅಭ್ಯಾಸವಿಲ್ಲ.

ಮರುದಿನ ತಮ್ಮನನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ, ಗುಳಿಗೆ ಬರೆಸಿಕೊಂಡು, ತಾನೇ ಕೊಂಡು ಅವನ ಅಂಗಿಯ ಜೇಬಿಗೆ ಹಾಕಿದಳು. ಇನ್ನು ಕಷಾಯ ಇಲ್ಲ ಎಂದೂ ಹೇಳಿದಳು. ಆದರೆ ಮಾರನೆಯ ಬೆಳಿಗ್ಗೆ ಅವನು ಎಂದಿನಂತೆ ಬಂದು, ಹಿಂದಿನ ಕೋಣೆಯ ಸ್ಟೂಲಿನಲ್ಲಿ ಕೂತು, "ಎಲ್ಲಿ ಕಷಾಯ?" ಎಂದ.

"ಕಷಾಯ ನಿಲ್ಲಿಸಿದೆ ಅಂತ ಹೇಳಿದ್ನಲ್ಲೋ. ಗುಳಿಗೆ ತಗೊಂಡ್ಯಾ?"

ಅವನು ಜೇಬಿನಿಂದ ಗುಳಿಗೆಯ ಪಟ್ಟಿ ತೆಗೆದು ತೋರಿಸಿದ. ಒಂದೂ ಒಡೆದಿರಲಿಲ್ಲ.

"ಚೀಲ ತಗೊಂಡು ಬಂದ ನೆಂಟರು ಅಕ್ಕಾ ಇವರು. ನೀನೇ ಹೇಳಿದ್ದಲ್ವಾ?"

"ಹೇಳಿದ್ದು ತಪ್ಪು."

"ಡಾಕ್ಟ್ರಮ್ಮ ನಿನ್ನ ತಲೆ ಕೆಡ್ಸಿದ್ದಾಳೆ. ನೀನು ಕೊಟ್ಟಿದ್ದು ನನಗೆ ಕೆಟ್ಟದ್ದು ಮಾಡುತ್ತಾ? ನಾನು ನಂಬಲ್ಲ."

ಊರಿನವರನ್ನು ತನ್ನ ಮಾತು ನಂಬುವಂತೆ ಮಾಡಲು ಬೇರಿನಕ್ಕ ಆಯಸ್ಸೆಲ್ಲ ತೇದಿದ್ದಳು. ಈಗ ಈ ಒಬ್ಬನು ತನ್ನನ್ನು ನಂಬದಂತೆ ಮಾಡಬೇಕಾಗಿತ್ತು, ಇಲ್ಲವಾದರೆ ಅವನು ಉಳಿಯುವುದಿಲ್ಲ. ಅವನ ಮುಂಗೈ ಹಿಡಿದು ಅಂಗಡಿಯ ಮುಂಭಾಗಕ್ಕೆ ಕರೆತಂದಳು. ಬೀಗದಣ್ಣ, ದರ್ಜಿ, ಪೊಟ್ಟಣಕ್ಕೆ ಕಾಯುತ್ತಿದ್ದ ಇಬ್ಬರು ಗಿರಾಕಿಗಳು, ಎಲ್ಲರೂ ಇದ್ದರು.

"ಎಲ್ಲರೂ ಕೇಳಿ," ಎಂದಳು. "ನನ್ನ ಬಿ.ಪಿ. ಪುಡಿಯಲ್ಲಿ ಜೇಷ್ಠಮಧು ಇದೆ. ಅದು ಒತ್ತಡ ಏರಿಸುತ್ತೆ. ನಿಮಗೆ ಕೊಟ್ಟಿದ್ದು ಚೂರು, ಇವನಿಗೆ ಕುಡಿಸಿದ್ದು ಹಿಡಿಗಟ್ಲೆ. ಇವನ ಪಾದ ನೋಡಿ, ನಾನು ಮಾಡಿದ್ದು ಇದು. ಇವತ್ತಿಂದ ಅದನ್ನ ತೆಗೆದಿದ್ದೀನಿ. ಯಾರಿಗೆ ಒತ್ತಡ ಇದೆಯೋ ಅವರು ಮೊದಲು ಡಾಕ್ಟರ ಹತ್ರ ಹೋಗಿ ತೋರಿಸ್ಕೊಳ್ಳಿ. ಗುಳಿಗೆ ತಿನ್ನೋರು ನನ್ನ ಮಾತು ಕೇಳಿ ಬಿಡ್ಬೇಡಿ. ನಾನು ಇಷ್ಟು ವರ್ಷ ಹೇಳಿದ್ದು ತಪ್ಪು."

ಬೀಗದಣ್ಣನ ಬಾಯಿ ಮುಚ್ಚಿತ್ತು, ಅದೊಂದು ದಾಖಲೆ. ಇಬ್ಬರಲ್ಲಿ ಒಬ್ಬ ಗಿರಾಕಿ ಪೊಟ್ಟಣವನ್ನು ಮೆಲ್ಲಗೆ ವಾಪಸು ಇಟ್ಟು ನಡೆದುಬಿಟ್ಟ.

ತಮ್ಮ ಅವಳ ಕೈ ಬಿಡಿಸಿಕೊಂಡು ಹಿಂದಿನ ಕೋಣೆಗೆ ಹೋದ. ಅವಳು ಹಿಂದೆಯೇ ಹೋಗಿ ನೋಡಿದರೆ, ಕಷಾಯವಿಲ್ಲದ ಒಲೆಯ ಮುಂದೆ ತಲೆ ತಗ್ಗಿಸಿ ನಿಂತಿದ್ದಾನೆ.

"ಯಾಕಕ್ಕಾ ಎಲ್ಲರ ಮುಂದೆ ನಿನ್ನ ಮಾನ ನೀನೇ ಕಳ್ಕೊಂಡೆ?"

"ನಿನ್ನ ಜೀವಕ್ಕಿಂತ ನನ್ನ ಮಾನ ದೊಡ್ಡದೇನೋ? ಈಗಾದ್ರೂ ನಂಬ್ತೀಯಾ?"

"ನಂಬಿದ್ದೆ. ನಿನ್ನೆಯೇ ನಂಬಿದ್ದೆ," ಎಂದ. ಅಷ್ಟು ದೊಡ್ಡ ಆಳಿನ ದನಿ ಎಲ್ಲೋ ಒಳಗೆ ಹೂತುಹೋಗಿತ್ತು. "ಏರಿಸುತ್ತೋ ಇಳಿಸುತ್ತೋ ನನಗೆ ಅದು ಬೇಕಾಗಿರಲಿಲ್ಲ ಅಕ್ಕಾ. ಗುಳಿಗೆ ಆದ್ರೆ ಮನೇಲೇ ನುಂಗಿ ಕೆಲಸಕ್ಕೆ ಹೋಗಬಹುದು. ಬೆಳಿಗ್ಗೆ ಎದ್ದು ಇಲ್ಲಿಗೆ ಬರೋಕೆ ನನಗೆ ಏನು ನೆಪ ಉಳೀತು? ಆ ಮನೇಲಿ ಬೆಳಿಗ್ಗೆ ಹೊತ್ತು ಯಾರ ಹತ್ರಾನೂ ಒಂದು ಮಾತಿಲ್ಲ."

ಇಷ್ಟು ದಿನ ಬೇರಿನಕ್ಕ ಅವನ ನಾಲಿಗೆ ನೋಡಿದಳು, ಪಾದ ನೋಡಿದಳು, ತೋಳಿಗೆ ಯಂತ್ರ ಕಟ್ಟಿ ನೋಡಿದಳು, ಇದೊಂದನ್ನು ನೋಡಿರಲಿಲ್ಲ. ಕಣ್ಣು ತುಂಬಿ ಬಂದವು. ಆದರೆ ಕೈ ಮುಂದೆ ಹೋಗಿ ಅವನ ಜೇಬಿನಿಂದ ಗುಳಿಗೆಯ ಪಟ್ಟಿಯನ್ನು ಕಿತ್ತುಕೊಂಡಿತು.

"ಇದು ಇನ್ನು ನಿನ್ನ ಮನೆಗೆ ಹೋಗೋದಿಲ್ಲ," ಎಂದಳು. "ಇಲ್ಲೇ ನನ್ನ ಗಲ್ಲಾಪೆಟ್ಟಿಗೇಲಿ ಇರುತ್ತೆ. ದಿನಾ ಬಂದು ನನ್ನ ಎದುರಿಗೆ ನುಂಗ್ಬೇಕು. ಒಂದು ದಿನ ತಪ್ಪಿಸಿದ್ರೂ ಡಿಪೋಗೇ ಬಂದು ಆ ಹುಡುಗರ ಮುಂದೆ ಕಿವಿ ಹಿಂಡ್ತೀನಿ."

ಅವನು ಮೊದಲ ಗುಳಿಗೆಯನ್ನು ಅಲ್ಲೇ ನುಂಗಿದ. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಪಾದದ ಊತ ನಿಧಾನವಾಗಿ ಇಳಿಯಿತು, ಯಂತ್ರದಲ್ಲಿ ಅವನ ಅಂಕಿಯೂ ಇಳಿಯಿತು, ಅವಳದ್ದು ಕೂಡ. ಡಿಪೋದ ಪರೀಕ್ಷೆಯಲ್ಲಿ ಅವನು ಪಾಸಾದ ದಿನ ಬೀಗದಣ್ಣ ಕೇಳಿದರು: "ಇಳಿಸಿದ್ದು ಯಾರು ಬೇರಿನಕ್ಕ? ಗುಳಿಗೆಯೋ, ಜೇಷ್ಠಮಧು ಬಿಟ್ಟಿದ್ದೋ?"

"ನನಗೆ ಗೊತ್ತಿಲ್ಲ," ಎಂದಳು ಅವಳು. ಆ ಮಾತು ಅವಳ ಬಾಯಿಂದ ಬಂದದ್ದನ್ನು ಅಲ್ಲಿಯವರೆಗೆ ಓಣಿಯಲ್ಲಿ ಯಾರೂ ಕೇಳಿದವರಿಲ್ಲ. ಪುಡಿಯ ವ್ಯಾಪಾರ ಅರ್ಧಕ್ಕರ್ಧ ಬಿದ್ದುಹೋಗಿದೆ, ಏಕೆಂದರೆ ಈಗ ಅದು ಒಗರೋ ಒಗರು, ಮೇಲಾಗಿ ಅದರಲ್ಲಿ ಏನೇನಿದೆ ಎಂದು ಪೊಟ್ಟಣದ ಮೇಲೆಯೇ ಬರೆದಿರುತ್ತದೆ. ಅವಳು ಹಿಂದೆ ಸರಿದಿಲ್ಲ. ಯಾರೇ ಪುಡಿ ಕೇಳಿದರೂ ಮೊದಲು 'ತೋಳು ಚಾಚಿ' ಎನ್ನುತ್ತಾಳೆ, ಅಂಕಿ ಜಾಸ್ತಿ ಬಂದರೆ ಪುಡಿ ಕೊಡದೆ ಬೈದು ಕ್ಲಿನಿಕ್ಕಿಗೆ ಅಟ್ಟುತ್ತಾಳೆ.

ತಮ್ಮನಿಗೆ ಸ್ಟೇರಿಂಗ್ ಮರಳಿ ಸಿಕ್ಕಿತು, ಜೊತೆಗೆ ಬೆಳಗಿನ ಮೊಟ್ಟಮೊದಲ ಬಸ್ಸೂ ಅವನ ಪಾಲಿಗೆ ಬಂತು. ಅದು ಹೊರಡುವ ಹೊತ್ತಿಗೆ ಮಾರುಕಟ್ಟೆಗೆ ತರಕಾರಿಯೂ ಬಂದಿರುವುದಿಲ್ಲ. ಮನೆಯಲ್ಲೇ ನುಂಗಿ ಹೋಗು ಎಂದು ಬೇರಿನಕ್ಕ ಹೇಳಲಿಲ್ಲ, ನುಂಗಿ ಹೋಗಲಾ ಎಂದು ಅವನೂ ಕೇಳಲಿಲ್ಲ. ಓಣಿಯ ಬಾಗಿಲುಗಳೆಲ್ಲ ಮುಚ್ಚಿರುವಾಗ ಇವಳ ಅಂಗಡಿಯ ಒಂದು ಹಲಗೆ ಮಾತ್ರ ತೆರೆದಿರುತ್ತದೆ. ಅವನು ಖಾಕಿ ತೊಟ್ಟು ಬರುತ್ತಾನೆ, ಡಿಪೋದ ಚಾಡಿ ಹೇಳುತ್ತಾನೆ, ನೀರು ಕುಡಿದು ಗುಳಿಗೆ ನುಂಗುತ್ತಾನೆ.

"ಬಾಯಿ ತೆಗಿ, ನೋಡ್ತೀನಿ," ಎನ್ನುತ್ತಾಳೆ ಅವಳು.

ಇನ್ನು ಸ್ವಲ್ಪ ಹೊತ್ತಿಗೆ ಬಸ್ಸು ತುಂಬ ಜನರನ್ನು ಹೊತ್ತು ಊರು ದಾಟಿಸಬೇಕಾದ ಆ ದೊಡ್ಡ ಮನುಷ್ಯ ಬಲ್ಬಿನ ಕೆಳಗೆ ಬಗ್ಗಿ ನಿಂತು, ಅಕ್ಕನಿಗೆ ಕಾಣುವ ಹಾಗೆ, ಬಾಯಿಯನ್ನು ಅಗಲವಾಗಿ ತೆರೆಯುತ್ತಾನೆ.